183 ಜನರ ಗ್ರೂಪಿನಲ್ಲಿ ಮೊಮ್ಮಗಳ ಫೋಟೊ

ಪ್ರಶ್ನೆ: ನನ್ನ ಅಪ್ಪನಿಗೆ 71 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಅಮ್ಮ ತೀರಿಕೊಂಡು ಎರಡು ವರ್ಷ ಆಯ್ತು. ಅಪ್ಪ ಅರಸೀಕೆರೆಯಲ್ಲಿ ಒಬ್ಬರೇ ಇದ್ದಾರೆ, ನಾವು ಬೆಂಗಳೂರಿನಲ್ಲಿ. ನಮ್ಮ ಕಡೆಯವರೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಇದೆ, 183 ಜನ. ಅಪ್ಪನ ದಿನ ಶುರುವಾಗುವುದೂ ಮುಗಿಯುವುದೂ ಅದರಲ್ಲೇ. ಜೂನ್‌ನಲ್ಲಿ ನನ್ನ ಮಗಳು ನಾಲ್ಕನೇ ಕ್ಲಾಸಿಗೆ ಹೋದ ಮೊದಲ ದಿನ ಒಂದು ಫೋಟೊ ತೆಗೆದು ಅಪ್ಪನಿಗೆ ಕಳಿಸಿದ್ದೆ. ಯೂನಿಫಾರ್ಮ್, ಕೊರಳಲ್ಲಿ ಐಡಿ ಕಾರ್ಡ್, ಹಿಂದೆ ಸ್ಕೂಲ್ ಬಸ್. ಅಪ್ಪ ಅದನ್ನು ಗ್ರೂಪಿಗೆ, ಸ್ಟೇಟಸ್‌ಗೆ, ಫೇಸ್‌ಬುಕ್ಕಿಗೆ, ಮೂರೂ ಕಡೆ ಹಾಕಿದರು.

ಆಗಸ್ಟ್‌ನಲ್ಲಿ ಅವರಿಗೆ ಒಂದು ಫೋನ್ ಬಂತು. ಮೊಮ್ಮಗಳು ಸ್ಕೂಲಿನ ಮೆಟ್ಟಿಲಿಂದ ಬಿದ್ದಿದ್ದಾಳೆ, ತಲೆಗೆ ಪೆಟ್ಟಾಗಿದೆ, ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟಬೇಕು, ನಿಮ್ಮ ಮಗಳ ಫೋನ್ ಸಿಗ್ತಿಲ್ಲ ಅಂತ. ಅವಳ ಹೆಸರನ್ನೂ ಹೇಳಿದರಂತೆ. ಅಪ್ಪ ಗಾಬರಿಯಲ್ಲಿ 18,000 ರೂಪಾಯಿ ಕಳಿಸಿಬಿಟ್ಟರು. ಅರ್ಧ ಗಂಟೆ ಬಿಟ್ಟು ನನಗೆ ಫೋನ್ ಮಾಡಿದರು. ಮಗಳು ಆರಾಮಾಗಿ ಕ್ಲಾಸಿನಲ್ಲಿ ಕೂತಿದ್ದಳು. ಆವತ್ತಿನಿಂದ ಅಪ್ಪ ಗ್ರೂಪಿನಲ್ಲಿ ಒಂದು ಅಕ್ಷರ ಹಾಕಿಲ್ಲ. ನಮ್ಮ ಹತ್ತಿರವೂ ಮಾತು ಕಮ್ಮಿ. ‘ಎಲ್ಲ ಗ್ರೂಪಿನಿಂದಲೂ ತೆಗೆಸಿ ಕೀಪ್ಯಾಡ್ ಫೋನ್ ಕೊಡಿಸೋಣ’ ಅನ್ನುತ್ತಾರೆ ನನ್ನ ಗಂಡ. ಗ್ರೂಪಿನವರೇ ಯಾರೋ ವಿಷಯ ಹೊರಗೆ ಬಿಟ್ಟಿದ್ದಾರೆ ಅಂತ ನನಗೆ ಅನುಮಾನ. ಅತ್ತಿಗೆ ಕೇಳಿದರೆ, ಫೋನೇ ನಮ್ಮ ಮಾತನ್ನೆಲ್ಲ ಕದ್ದು ಕೇಳುತ್ತೆ ಅನ್ನುತ್ತಾರೆ. ‘ನನ್ನ ಫೋಟೊ ಬಳಸಲು ಅನುಮತಿ ಇಲ್ಲ’ ಅಂತ ಒಂದು ಮೆಸೇಜ್ ಹಾಕಿದರೆ ಕಾನೂನು ರಕ್ಷಣೆ ಇರುತ್ತೆ ಅಂತಲೂ ಬಂದಿದೆ. ಯಾವುದು ನಿಜ? ಅಪ್ಪನ ವಿಷಯದಲ್ಲಿ ಏನು ಮಾಡಲಿ?

(ಓದುಗರೊಬ್ಬರು, ಬೆಂಗಳೂರು)

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ದೂರು ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕೊಟ್ಟಿಲ್ಲ ಅಂತ ನನ್ನ ಊಹೆ. ಇಂಥದ್ದರಲ್ಲಿ ಜನ ನಾಚಿಕೆಯಿಂದ ಸುಮ್ಮನಾಗಿಬಿಡುತ್ತಾರೆ. 1930ಕ್ಕೆ ಫೋನ್ ಮಾಡಿ, ಇಲ್ಲವೇ ಕೇಂದ್ರ ಗೃಹ ಇಲಾಖೆಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ. ಆವತ್ತೇ ಒಂದೆರಡು ಗಂಟೆಯೊಳಗೆ ಹೇಳಿದ್ದರೆ, ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಜಾಸ್ತಿ ಇರುತ್ತಿತ್ತು. ಈಗ 18,000 ವಾಪಸ್ ಬರುತ್ತೆ ಅಂತ ನಾನು ಆಸೆ ಹುಟ್ಟಿಸಲ್ಲ. ಆದರೂ ಯಾವ ಖಾತೆಗೆ ಹೋಯ್ತು, ಯಾವ ನಂಬರಿಂದ ಕರೆ ಬಂತು ಅನ್ನುವುದು ದಾಖಲಾಗಲಿ. ಅದೇ ಖಾತೆಯ ಮೇಲೆ ಬೇರೆಯವರ ದೂರೂ ಇದ್ದರೆ ಎಲ್ಲ ಒಂದು ಕಡೆ ಸೇರುತ್ತವೆ.

ಇನ್ನು, ಗ್ರೂಪಿನಲ್ಲಿ ಯಾರು ಬಾಯಿ ಬಿಟ್ಟರು ಅನ್ನುವುದು. ಅದರ ಹಿಂದೆ ಬೀಳಬೇಡಿ. ಪತ್ತೆ ಆಗಲ್ಲ, ನೆಂಟಸ್ತಿಕೆ ಮಾತ್ರ ಕೆಡುತ್ತೆ. ಅದೂ ಅಲ್ಲದೆ, ವಿಷಯ ಸೋರಿಯೇ ಇಲ್ಲದಿರಬಹುದು. ಇಂಥ ಕರೆಗಳ ರೆಕಾರ್ಡಿಂಗನ್ನು ನನ್ನ ಕೆಲಸದಲ್ಲಿ ಎಷ್ಟೋ ಕೇಳಿದ್ದೇನೆ. ಹೆಚ್ಚಿನವು ಹೀಗೆ ಶುರುವಾಗುತ್ತವೆ: ‘ಹಲೋ ತಾತಾ, ಸ್ಕೂಲಿಂದ ಮಾತಾಡ್ತಿರೋದು, ನಿಮ್ಮ ಮೊಮ್ಮಗಳು...’ ಅಂದು ಆ ಕಡೆಯವನು ತಡೆಯುತ್ತಾನೆ. ಈ ಕಡೆ ಎದೆ ಧಸಕ್ಕೆಂದು, ‘ಯಾರು, ಚಿನ್ನಿಗಾ? ಏನಾಯ್ತು?’ ಅಂತ ಬಾಯಿಗೆ ಬಂದುಬಿಡುತ್ತೆ. ಹೆಸರು ಸಿಕ್ಕಿತು. ಆಮೇಲೆ ಅವನು ಅದೇ ಹೆಸರನ್ನು ನಾಲ್ಕು ಸಲ ಹೇಳುತ್ತಾನೆ. ಕರೆ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ‘ಅವನಿಗೆ ಹೆಸರೂ ಗೊತ್ತಿತ್ತು’ ಅನ್ನುವುದು. ನಿಮ್ಮ ತಂದೆಯ ವಿಷಯದಲ್ಲಿ ಹೀಗೇ ಆಯ್ತು ಅಂತ ನಾನು ಹೇಳಲಾರೆ. ಕೇಳಬೇಕಿದ್ದರೆ, ಯಾರು ಮೊದಲು ಹೆಸರು ಹೇಳಿದ್ದು ಅಂತ ಒಂದೇ ಸಲ, ಮೆಲ್ಲಗೆ ಕೇಳಿ. ವಿಚಾರಣೆ ಮಾಡಿದ ಹಾಗೆ ಆಗಬಾರದು.

ಹೆಸರು ಮೊದಲೇ ಗೊತ್ತಿತ್ತು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಗ್ರೂಪಿನವರೇ ಆಗಬೇಕಿಲ್ಲ. ಫೇಸ್‌ಬುಕ್ಕಿನಲ್ಲಿ ಹಾಕಿದ್ದು ‘ಪಬ್ಲಿಕ್’ ಆಗಿದ್ದರೆ ಊರಿಗೆಲ್ಲ ಕಾಣುತ್ತೆ. ಎಷ್ಟೋ ಸ್ಕೂಲಿನವರು ತಾವೇ ಮಕ್ಕಳ ಫೋಟೊ, ಹೆಸರು, ಸೆಕ್ಷನ್ ಸಮೇತ ಹಾಕುತ್ತಾರೆ.

ಅತ್ತಿಗೆಯವರ ಮಾತಿಗೆ ಬರೋಣ. ‘ಮಂಡಿ ನೋವು ಅಂತ ಮಾತಾಡಿದ್ವಿ, ಸಂಜೆಗೆ ಮಂಡಿಗೆ ಹಾಕೋ ಪಟ್ಟಿಯ ಜಾಹೀರಾತು ಬಂತು’ ಅನ್ನುವ ಕಥೆಯನ್ನು ನಾನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾಲಾಡಿದರು. ಕದ್ದು ಮೈಕ್ ಆನ್ ಮಾಡಿ ಮಾತು ಸಾಗಿಸುತ್ತಿದ್ದ ಒಂದು ಆ್ಯಪೂ ಸಿಗಲಿಲ್ಲ. ಕೆಲವು ಆ್ಯಪ್‌ಗಳು ಪರದೆಯ ಮೇಲೆ ನಾವು ಮಾಡುವುದನ್ನು ವಿಡಿಯೊ ಮಾಡಿ ಬೇರೆ ಕಂಪನಿಗೆ ಕಳಿಸುತ್ತಿದ್ದದ್ದು ಮಾತ್ರ ಸಿಕ್ಕಿತು. ಅದೂ ಏನು ಕಡಿಮೆ ಅಲ್ಲ, ಅಲ್ವಾ?

ನನ್ನ ಅಭಿಪ್ರಾಯ ಕೇಳಿದರೆ, ಜಾಹೀರಾತು ಕಂಪನಿಗಳಿಗೆ ಕದ್ದು ಕೇಳುವ ಅಗತ್ಯವೇ ಇಲ್ಲ. ಆವತ್ತು ಮಂಡಿ ನೋವಿನ ಮಾತು ಕೇಳಿಸಿಕೊಂಡ ಇನ್ಯಾರೋ ಅದೇ ಮನೆಯ ವೈಫೈನಲ್ಲಿ ಒಮ್ಮೆ ಹುಡುಕಿರುತ್ತಾರೆ. ಅಷ್ಟೂ ಫೋನುಗಳು ರಾತ್ರಿ ಒಂದೇ ಸೂರಿನ ಕೆಳಗೆ ಚಾರ್ಜಿಗೆ ಕೂತಿರುತ್ತವೆ. ಮನೆಯಲ್ಲಿ ವಯಸ್ಸಾದವರಿದ್ದಾರೆ ಅನ್ನುವುದು ಪ್ರೊಫೈಲಿನಲ್ಲೇ ಇದೆ. ಇಷ್ಟು ಗೊತ್ತಾದ ಮೇಲೆ ಅಂದಾಜು ಹೊಡೆಯುವುದು ಕಷ್ಟವಲ್ಲ. ನಾವೂ ಅಷ್ಟೇ, ತಾಳೆಯಾದ ಒಂದು ಜಾಹೀರಾತನ್ನು ನೆನಪಿಟ್ಟುಕೊಳ್ಳುತ್ತೇವೆ. ತಾಳೆಯಾಗದ ಐವತ್ತು ಕಣ್ಣಿಗೇ ಬೀಳಲ್ಲ.

‘ಅನುಮತಿ ಇಲ್ಲ’ ಅನ್ನುವ ಮೆಸೇಜಿಗೆ ಕವಡೆ ಕಿಮ್ಮತ್ತಿಲ್ಲ. 2012ರ ಹೊತ್ತಿಗೇ ಫೇಸ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಓಡಾಡುತ್ತಿತ್ತು, ಈಗ ಕನ್ನಡ ಕಲಿತು ಬಂದಿದೆ. ಖಾತೆ ತೆರೆಯುವಾಗ ಓದದೆ ‘ಒಪ್ಪಿದೆ’ ಅಂತ ಒತ್ತಿದ್ದೇವಲ್ಲ, ಲೆಕ್ಕಕ್ಕೆ ಬರುವುದು ಅದು. ಮೆಸೇಜ್ ಹಾಕಿದವರಿಗೆ ನಷ್ಟವೇನಿಲ್ಲ. ಹಾಕಿದೆವಲ್ಲ ಅಂತ ನಿಶ್ಚಿಂತೆಯಾಗಿ ಕೂತರೆ ನಷ್ಟ.

ನೀವು ಕೇಳದಿದ್ದರೂ ಎಲ್ಲರೂ ನಂಬಿರುವ ಇನ್ನೊಂದು ಮಾತಿದೆ. ವಾಟ್ಸಾಪಿಗೆ ಬೀಗ ಇದೆ, ಹಾಗಾಗಿ ಗ್ರೂಪ್ ಭದ್ರ ಅಂತ. ಬೀಗ ಇರುವುದು ನಿಜ. 2016ರ ಏಪ್ರಿಲ್‌ನಿಂದ ಎಲ್ಲ ಮೆಸೇಜುಗಳಿಗೂ ಅದು ಬಂದಿದೆ. ಕಳಿಸಿದವರ ಫೋನು, ಪಡೆದವರ ಫೋನು ಬಿಟ್ಟು ನಡುವೆ ಯಾರೂ ಓದಲಾರರು, ಕಂಪನಿಯವರೂ ಸೇರಿ. (ಏನು ಮಾತಾಡಿದಿರಿ ಅನ್ನುವುದು ಅವರಿಗೆ ಗೊತ್ತಾಗಲ್ಲ. ಯಾರ ಜೊತೆ, ಯಾವಾಗ ಅನ್ನುವುದು ಗೊತ್ತಾಗುತ್ತೆ.) ಆದರೆ ಇದು ದಾರಿಯ ಬೀಗ. ಫೋಟೊ 182 ಮನೆ ಮುಟ್ಟಿತೋ, ಬೀಗದ ಕೆಲಸ ಮುಗೀತು. ಒಬ್ಬರ ಫೋನಿನಲ್ಲಿ ಅದು ತಾನಾಗಿಯೇ ಗ್ಯಾಲರಿಗೆ ಇಳಿಯುತ್ತೆ. ಅಲ್ಲಿಂದ ಅವರ ಗೂಗಲ್ ಫೋಟೋಸ್‌ಗೆ ಹೋಗುತ್ತೆ. ಇನ್ನೊಬ್ಬರು ಡಿಸ್‌ಪ್ಲೇ ಒಡೆದು ಹೋಯಿತು ಅಂತ ಫೋನನ್ನು ಪಾಸ್‌ವರ್ಡ್ ಸಮೇತ ರಿಪೇರಿ ಅಂಗಡಿಗೆ ಕೊಟ್ಟು ಬರುತ್ತಾರೆ. ಮತ್ತೊಬ್ಬರು ‘ನಮ್ಮ ಮೇಷ್ಟ್ರ ಮೊಮ್ಮಗಳು ನೋಡಿ’ ಅಂತ ಪ್ರೀತಿಯಿಂದಲೇ ಬೇರೆ ಗ್ರೂಪಿಗೆ ದಾಟಿಸುತ್ತಾರೆ. ಇದರಲ್ಲಿ ಕಳ್ಳರು ಯಾರೂ ಇಲ್ಲ.

2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಅನ್ನುವ ಕಂಪನಿ ಒಂದು ಆ್ಯಪ್ ಮೂಲಕ ಫೇಸ್‌ಬುಕ್ ಬಳಸುವವರ ಮಾಹಿತಿ ಎತ್ತಿಕೊಂಡ ಹಗರಣ ಹೊರಬಂದಾಗ ಭಾರತದ ಲೆಕ್ಕವನ್ನು ಫೇಸ್‌ಬುಕ್ಕೇ ಕೊಟ್ಟಿತು. ನಿಮ್ಮ ವ್ಯಕ್ತಿತ್ವ ಎಂಥದ್ದು ತಿಳಿಯಿರಿ ಅನ್ನುವ ಆ ಆ್ಯಪನ್ನು ಇಲ್ಲಿ ಹಾಕಿಕೊಂಡಿದ್ದವರು 335 ಜನ. ಮಾಹಿತಿ ಹೋಗಿರಬಹುದಾದವರು 5,62,455 ಜನ. ನಿಮ್ಮ ತಂದೆಗೆ ಈ ಎರಡು ಸಂಖ್ಯೆ ತೋರಿಸಿ, ಗಣಿತದವರಿಗೆ ತಕ್ಷಣ ಹೊಳೆಯುತ್ತೆ. ಐದೂವರೆ ಲಕ್ಷ ಜನ ಏನನ್ನೂ ಒತ್ತಿರಲಿಲ್ಲ. ಆ ಆ್ಯಪ್ ಹಾಕಿಕೊಂಡಿದ್ದ ಯಾರಿಗೋ ಫ್ರೆಂಡ್ ಆಗಿದ್ದರು, ಅಷ್ಟೇ. ಆ ಕಿಂಡಿಯನ್ನು 2015ರಲ್ಲೇ ಮುಚ್ಚಿದ್ದರು. ಆದರೆ ನನ್ನ ನಂಬರು ಯಾರ ಯಾರ ಫೋನ್ ಬುಕ್ಕಿನಲ್ಲಿದೆಯೋ ಅವರು ಯಾವ ಆ್ಯಪಿಗೆ ‘ಕಾಂಟ್ಯಾಕ್ಟ್ಸ್ ನೋಡಬಹುದು’ ಅಂತ ಒಪ್ಪಿಗೆ ಕೊಟ್ಟರೂ ನನ್ನ ಹೆಸರು, ನಂಬರು ಹೋಗುತ್ತೆ. ನಾನು ಈ ಕಸುಬಿನವನೇ, ನನ್ನ ಫೋನಿನಲ್ಲಿ ಎಲ್ಲ ಬಂದೋಬಸ್ತ್ ಮಾಡಿಕೊಂಡಿದ್ದೇನೆ. ಆದರೂ ನನ್ನ ಮನೆ ವಿಳಾಸ, ಹುಟ್ಟಿದ ದಿನ ಎಲ್ಲ ನನ್ನ ಸೋದರಮಾವನ ಫೋನಿನಲ್ಲಿದೆ. ಆ ಫೋನಿಗೆ ಪಾಸ್‌ವರ್ಡೇ ಇಲ್ಲ.

ವಠಾರದಲ್ಲಿ ಬಾಳಿದವರಿಗೆ ಇದು ಅರ್ಥವಾಗುತ್ತೆ. ಗೋಡೆ ಇಬ್ಬರಿಗೂ ಸೇರಿದ್ದು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮಗೆ ಸೀನು. ನಮ್ಮ ಜಗಳ ಅವರಿಗೆ ಕೇಳುತ್ತೆ. ಕೇಳಿಸಿದರೂ ಕೇಳಿಸದ ಹಾಗೆ ಇರುವುದು ಅವರ ದೊಡ್ಡತನ. ಆದರೆ ಅಲ್ಲಿ ಗೋಡೆ ಕಣ್ಣಿಗೆ ಕಾಣುತ್ತಿತ್ತು. ಆಚೆ ಯಾರಿದ್ದಾರೆ ಗೊತ್ತಿತ್ತು, ಅದಕ್ಕೆ ತಕ್ಕ ಹಾಗೆ ದನಿ ತಗ್ಗಿಸುತ್ತಿದ್ದೆವು. ಗ್ರೂಪಿನಲ್ಲಿ ಆ ಸೂಚನೆ ಇಲ್ಲ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಅನ್ನುವ ವಿಜ್ಞಾನಿ 1990ರ ದಶಕದಲ್ಲಿ, ಒಬ್ಬ ಮನುಷ್ಯ ನಿಜವಾಗಿ ಸಂಬಂಧ ಇಟ್ಟುಕೊಳ್ಳಲು ಆಗುವುದು ಸುಮಾರು 150 ಜನರ ಜೊತೆ ಅಂದರು. ತೀರಾ ಹತ್ತಿರದವರು ಐದೇ ಜನ ಅಂತಲೂ ಲೆಕ್ಕ ಹಾಕಿದರು. ಆ 150ರ ಬಗ್ಗೆ ವಿದ್ವಾಂಸರಲ್ಲಿ ಈಗಲೂ ಜಗಳ ಇದೆ. ಐದರ ಮಾತು ನನಗೆ ದಿನಾ ಕಾಣುತ್ತೆ. ಮೇಷ್ಟ್ರು ಫೋಟೊ ಹಾಕುವಾಗ ಅವರ ಮನಸ್ಸಿನಲ್ಲಿ ಇದ್ದದ್ದು ಅವರ ತಂಗಿ, ಭಾವಮೈದ, ಇಬ್ಬರು ಮೂವರು. ನೋಡಿದ್ದು 182 ಜನ.

ಹಾಗಿದ್ದರೆ ನಿಮ್ಮ ಯಜಮಾನರು ಹೇಳಿದ್ದೇ ಸರಿ ಅನ್ನಿಸಬಹುದು. ಅದಕ್ಕೆ ಉತ್ತರ ಹೇಳುವ ಮೊದಲು ಒಂದು ಸಂಗತಿ. ಹಿರಿಯರಿಗೆ ಫೋನ್ ಬಳಕೆ ಹೇಳಿಕೊಡುವ ಕ್ಲಾಸ್ ಮಾಡುತ್ತೇನೆ. ಮೈಸೂರಿನ ಒಂದು ಕ್ಲಾಸಿಗೆ ಎಂಬತ್ತರ ಹತ್ತಿರದ ಒಬ್ಬರು ಬರುತ್ತಿದ್ದರು. ದಿನಾ ಬೆಳಗ್ಗೆ ಹಿತ್ತಲಿನ ದಾಸವಾಳದ ಫೋಟೊ ತೆಗೆದು ‘ಶುಭೋದಯ’ ಅಂತ ಗ್ರೂಪಿಗೆ ಹಾಕುವವರು. ಅಂಥ ಮೆಸೇಜುಗಳನ್ನು ಕಂಡರೆ ನನಗೆ ಆಗ ತಾತ್ಸಾರ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ತಮ್ಮ ಮೆಸೇಜನ್ನೇ ಒತ್ತಿ ಹಿಡಿದು, ‘ಇನ್ಫೋ’ ತೆರೆದು, ನೀಲಿ ಟಿಕ್ ಬಿದ್ದ ಹೆಸರುಗಳ ಮೇಲೆ ಬೆರಳಾಡಿಸುತ್ತಾ ಕೆಳಗೆ ಇಳಿಯುತ್ತಿದ್ದರು. ‘ಇವಳು ನೋಡಿದ್ಲು. ಇವನು ಇನ್ನೂ ಎದ್ದಿಲ್ಲ. ಡಲ್ಲಾಸ್‌ನಲ್ಲಿರೋ ಇವನು ನೋಡಿ, ಅಲ್ಲಿ ರಾತ್ರಿ, ಆದ್ರೂ ನೋಡಿದಾನೆ.’ ಹಾಜರಿ ತಗೊಳ್ಳುತ್ತಿದ್ದರು. ಆಮೇಲೆ ಅವರ ಮಗಳು ಹೇಳಿದ್ದು: ‘ಎಂಟು ಗಂಟೆಯೊಳಗೆ ದಾಸವಾಳ ಬರಲಿಲ್ಲ ಅಂದ್ರೆ ಯಾರಾದ್ರೂ ಅಪ್ಪನಿಗೆ ಫೋನ್ ಮಾಡ್ತಾರೆ.’

ನಿಮ್ಮ ತಂದೆಯ ಮನೆಯಲ್ಲಿ ಈಗ ಆ ಹಾಜರಿ ನಿಂತಿದೆ. 18,000 ಹೋದದ್ದಕ್ಕಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತೆ.

ಕೀಪ್ಯಾಡ್ ಫೋನ್ ಕೊಡಿಸಿದರೆ ಯುಪಿಐ ಕಣ್ಣೆದುರಿಂದ ಹೋಗುತ್ತೆ, ಫೋಟೊ ಹಂಚುವುದೂ ನಿಲ್ಲುತ್ತೆ. ಆದರೆ ಮೋಸ ಬಂದದ್ದು ಸಾದಾ ಕರೆಯಲ್ಲಿ. ಕೀಪ್ಯಾಡ್ ಫೋನೂ ರಿಂಗ್ ಆಗುತ್ತೆ. ಆ ಹೊತ್ತಿನಲ್ಲಿ ಮೊಮ್ಮಗಳ ಮುಖವನ್ನು ವಿಡಿಯೊದಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳುವ ದಾರಿಯನ್ನೇ ನೀವು ಕಿತ್ತುಕೊಂಡಂತಾಗುತ್ತೆ. ನಲವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದವರಿಗೆ ಅದು ಶಿಕ್ಷೆಯ ಹಾಗೇ ಕಾಣುತ್ತೆ. ನಾನು ಇದನ್ನು ಬೇಡ ಅಂತೀನಿ.

ಇದರ ಬದಲು ಏಳೆಂಟು ಜನರ ಒಂದು ಮನೆ ಗ್ರೂಪ್ ಮಾಡಿ. ಮಗುವಿನ ಫೋಟೊ ಅಲ್ಲಿಗೆ ಮಾತ್ರ. ದೊಡ್ಡ ಗ್ರೂಪ್ ಹಾಗೇ ಇರಲಿ. ಲಗ್ನಪತ್ರಿಕೆ, ಗೃಹಪ್ರವೇಶ, ಯಾರಾದರೂ ಹೋದ ಸುದ್ದಿ, ದಾಸವಾಳ, ಎಲ್ಲ ಅಲ್ಲಿ ನಡೆಯಲಿ. ಸಣ್ಣ ಗ್ರೂಪಿನಲ್ಲೂ ತೊಂದರೆ ಇಲ್ಲದಿಲ್ಲ. ಒಬ್ಬರು ಮರೆತು ದೊಡ್ಡದಕ್ಕೆ ದಾಟಿಸಿದರೆ ಮತ್ತೆ ಮೊದಲಿನಂತೆಯೇ. ‘ನಮ್ಮನ್ನು ಯಾಕೆ ಸೇರಿಸಿಲ್ಲ’ ಅಂತ ಚಿಕ್ಕಮ್ಮನಿಗೆ ಬೇಜಾರಾಗಬಹುದು. 2025ರಲ್ಲಿ ವಾಟ್ಸಾಪಿನಲ್ಲಿ ಗ್ರೂಪ್ ಸೆಟ್ಟಿಂಗಿನ ಒಳಗೆ ‘ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ’ ಅಂತ ಬಂದಿದೆ. ಅದನ್ನು ಆನ್ ಮಾಡಿದರೆ ಫೋಟೊ ತಾನಾಗಿ ಎಲ್ಲರ ಗ್ಯಾಲರಿಗೆ ಇಳಿಯಲ್ಲ. ಸ್ಕ್ರೀನ್‌ಶಾಟ್ ತೆಗೆಯುವವರನ್ನು ಅದೂ ತಡೆಯಲ್ಲ.

ಫೋಟೊ ಯಾವುದು ಅನ್ನುವುದೂ ಮುಖ್ಯ. ಯೂನಿಫಾರ್ಮ್, ಐಡಿ ಕಾರ್ಡ್, ಬಸ್ ನಂಬರು, ಮನೆ ಮುಂದಿನ ಬೋರ್ಡ್ ಬೇಡ. ಊರಿಗೆ ಹೋದರೆ ವಾಪಸ್ ಬಂದ ಮೇಲೆ ಹಾಕಿ. ಇಲ್ಲೊಂದು ಮಾತು ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ಆ ಫೋಟೊ ತೆಗೆದು ಮೊದಲು ಕಳಿಸಿದ್ದು ನೀವು. ಐಡಿ ಕಾರ್ಡ್ ನಿಮ್ಮ ಕಣ್ಣಿಗೂ ಬಿದ್ದಿರಲಿಲ್ಲ. ಅಪ್ಪನ ಜೊತೆ ಮಾತು ಶುರು ಮಾಡುವಾಗ ಇಲ್ಲಿಂದಲೇ ಶುರು ಮಾಡಿ. ಮಗಳನ್ನೂ ಕೇಳಿ. ಒಂಬತ್ತು ವರ್ಷದವಳಿಗೆ ತನ್ನ ಫೋಟೊ ಎಲ್ಲಿ ಹೋಗಬೇಕು ಅನ್ನುವ ಬಗ್ಗೆ ಖಂಡಿತ ಅಭಿಪ್ರಾಯ ಇರುತ್ತೆ. ‘ಹಾಕ್ಲಾ ಪುಟ್ಟಿ?’ ಅಂತ ತಾತ ಕೇಳುವುದು ಅಭ್ಯಾಸವಾದರೆ, ಆ ನೆಪದಲ್ಲಿ ದಿನಕ್ಕೊಂದು ಫೋನ್ ಕರೆಯೂ ಆಗುತ್ತೆ.

ಜೂನ್‌ನ ಫೋಟೊ ವಾಪಸ್ ತರಿಸಲು ಆಗಲ್ಲ. ‘ಡಿಲೀಟ್ ಫಾರ್ ಎವೆರಿಒನ್’ ಎರಡು ದಿನದ ಮೇಲೆ ಸ್ವಲ್ಪ ಹೊತ್ತಿನವರೆಗೆ ಮಾತ್ರ. ಫೇಸ್‌ಬುಕ್ಕಿನದನ್ನು ಅಳಿಸಿ. ಗ್ರೂಪಿಗೆ ನಿಮ್ಮ ಹೆಸರಿನಲ್ಲೇ, ಅಪ್ಪನನ್ನು ಎಳೆಯದೆ, ‘ಮಗಳ ಸ್ಕೂಲ್ ಫೋಟೊ ಇದ್ದರೆ ದಯವಿಟ್ಟು ಅಳಿಸಿ’ ಅಂತ ಒಂದು ಸಾಲು ಬರೆಯಿರಿ. ಅರ್ಧ ಜನ ಅಳಿಸಿದರೂ ಲಾಭವೇ.

ಫೋನಿನಲ್ಲಿ ಮಾಡಬೇಕಾದ್ದು ಹತ್ತು ನಿಮಿಷದ ಕೆಲಸ. ಪ್ರೊಫೈಲ್ ಫೋಟೊ, ಸ್ಟೇಟಸ್ ‘ಮೈ ಕಾಂಟ್ಯಾಕ್ಟ್ಸ್’ಗೆ ಮಾತ್ರ ಕಾಣಲಿ. ಗ್ರೂಪಿಗೆ ಸೇರಿಸುವುದಕ್ಕೂ ಅದೇ. ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ, ಆರು ಅಂಕಿಯ ಆ ಪಿನ್ ಮರೆತರೆ ಪರದಾಟ, ಹಾಗಾಗಿ ಮನೆಯಲ್ಲಿ ಒಂದು ಡೈರಿಯಲ್ಲಿ ಬರೆದಿಡಿ. ಯುಪಿಐಯನ್ನು ಪಿಂಚಣಿ ಖಾತೆಯಿಂದ ಬಿಡಿಸಿ, ನಾಲ್ಕೈದು ಸಾವಿರ ಇರುವ ಬೇರೆ ಖಾತೆಗೆ ಜೋಡಿಸಿ. ಮುಂದೆ ಮೋಸ ಆದರೂ ಅಷ್ಟಕ್ಕೇ ನಿಲ್ಲುತ್ತೆ.

ಇದೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಮನೆಯೊಳಗಿನ ಒಂದು ಪ್ರಶ್ನೆ. ಗಾಬರಿ ಹುಟ್ಟಿಸುವ ಕರೆ ಬಂದರೆ ಅಪ್ಪ ಇಟ್ಟುಬಿಟ್ಟು ನಿಮಗೆ, ನೀವು ಸಿಗದಿದ್ದರೆ ಅಳಿಯನಿಗೆ, ಆಮೇಲೆ ಸ್ಕೂಲಿಗೆ ತಾವೇ ಫೋನ್ ಮಾಡಬೇಕು. ‘ನಿಮ್ಮ ಮಗಳೇ ಕಳಿಸಿದ್ದು’ ಅಂತ ಯಾರಾದರೂ ಹೇಳಿದರೆ, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಬೇಕು. ನಿಮ್ಮ ಅಮ್ಮ ಹಬ್ಬಕ್ಕೆ ಏನು ಸಿಹಿ ಮಾಡುತ್ತಿದ್ದರು ಅನ್ನುವಂಥದ್ದು. ಅದರ ರೆಸಿಪಿಯನ್ನು ಅಪ್ಪ ಈಗಾಗಲೇ ಗ್ರೂಪಿಗೆ ಹಾಕಿಲ್ಲ ತಾನೆ ಅಂತ ಒಮ್ಮೆ ನೋಡಿಕೊಳ್ಳಿ.

ಕಾನೂನಿನ ಬಗ್ಗೆ ಎರಡೇ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಕೇಸಿನಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. 2023ರಲ್ಲಿ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಬಂದ ಕಾಯ್ದೆಯಲ್ಲಿ 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಇದೆ. ಆದರೆ ಮನೆಯ ಬಳಕೆಗೆ ಆ ಕಾಯ್ದೆ ಅನ್ವಯಿಸಲ್ಲ. ತಾತ ಮೊಮ್ಮಗಳ ಫೋಟೊ ಹಾಕಿದರೆ ಅದು ಹತ್ತಿರವೂ ಬರಲ್ಲ, ಬರಬಾರದು ಕೂಡ. ಸ್ಕೂಲಿನವರು ಹಾಕಿದ್ದರೆ ಮಾತ್ರ ತೆಗೆಯಿರಿ ಅಂತ ಲಿಖಿತವಾಗಿ ಕೇಳಿ.

ಈ ಭಾನುವಾರ ಅರಸೀಕೆರೆಗೆ ಹೋಗಿ ಬನ್ನಿ. ಸೆಟ್ಟಿಂಗ್ ಬದಲಾಯಿಸುವಾಗ ಫೋನ್ ಅವರ ಕೈಯಲ್ಲೇ ಇರಲಿ, ನೀವು ಬಾಯಲ್ಲಿ ಹೇಳಿ. ಮೋಸ ಹೋದದ್ದಕ್ಕೆ ಅವರಿಗೆ ನಾಚಿಕೆ ಆಗಿದ್ದರೆ ನನ್ನ ಕಥೆ ಹೇಳಿ. ‘ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್’ ಅಂತ ಬಂದ ಮೆಸೇಜಿನ ನಂಬರಿಗೆ ನಾನೇ ಫೋನ್ ಮಾಡಿದ್ದೆ. ಮನೆಯಲ್ಲಿ ಜ್ವರದ ಮಗು, ಹೊರಗೆ ಮಳೆ. ಅವನು ಹೇಳಿದ ಆ್ಯಪನ್ನು ಅರ್ಧ ಇಳಿಸಿಯೂ ಆಗಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ‘ಬಿಲ್ ನಾನು ಕಟ್ಟಿದೀನಲ್ಲ’ ಅಂದಳು.

ಇನ್ನೊಂದು. ಆ 183ರಲ್ಲಿ ನಿಮ್ಮ ತಂದೆಯ ವಯಸ್ಸಿನವರು ಬಹಳ ಮಂದಿ ಇರಬೇಕು. ಇಂಥದೇ ಕರೆ ನಾಳೆ ಅವರಲ್ಲೊಬ್ಬರಿಗೆ ಬರಬಹುದು. ಆವತ್ತು ಆದದ್ದನ್ನು, ಅವನು ಏನಂದ, ತಾವು ಏನಂದರು, ಎಲ್ಲಿ ಎಡವಿದರು ಅಂತ ಹಂತ ಹಂತವಾಗಿ, ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ ಹಾಗೆ ಗ್ರೂಪಿಗೆ ಬರೆಯುತ್ತೀರಾ ಅಂತ ಮೇಷ್ಟ್ರನ್ನು ಕೇಳಿ ನೋಡಿ. ಒಲ್ಲೆ ಅಂದರೆ ಬಲವಂತ ಬೇಡ. ಸುಮ್ನೆ ಕೂತು ಕಾಫಿ ಕುಡಿದು ಬನ್ನಿ.